ಮುಸುರೆ ಯಂತ್ರವೂ ದುರಸ್ತಿಯ ಹಕ್ಕೂ

(ಸುಲ್ತಾನ್ ಬಜಾರಿನಲ್ಲಿ ನಡೆದ ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಿಂದ ಸಾಮಾನ್ಯವಾಗಿ ಗಡಿ, ಭಾಷೆ, ಶಾಲೆ, ಸಾಹಿತ್ಯಗಳನ್ನು ಕುರಿತು ಉಪನ್ಯಾಸಗಳು ನಡೆಯುತ್ತವೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಪಾತ್ರೆ ತೊಳೆಯುವ ಯಂತ್ರ. ಅದರಲ್ಲೂ ಹಳೆಯ ಯಂತ್ರ, ಮತ್ತು ಅದನ್ನು ಬಿಚ್ಚಿ ಸರಿಪಡಿಸಿ ಮರಳಿ ನಡೆಸುವ ಕೆಲಸ. ಆಹ್ವಾನ ಪತ್ರಿಕೆಯಲ್ಲಿ ಇದನ್ನು ಓದಿ ಕೆಲವರು ನಕ್ಕಿರಬಹುದು. ಆದರೆ ನಮ್ಮ ಹಣದಿಂದ ಕೊಂಡು ನಮ್ಮ ಅಡುಗೆಮನೆಯಲ್ಲಿ ಇರಿಸಿಕೊಂಡ ಯಂತ್ರವನ್ನು ಯಾರು ಬಿಚ್ಚಬಹುದು, ಯಾರು ಬಿಚ್ಚಲಾಗದು ಎಂಬ ಪ್ರಶ್ನೆಯೂ ಒಂದು ರಾಜಕೀಯ ಪ್ರಶ್ನೆ ಎಂಬುದು ನನ್ನ ನಿಲುವು. ಅದನ್ನು ನಾನು ಕಲಿತದ್ದು ಇದೇ ಸುಲ್ತಾನ್ ಬಜಾರಿನ ಸುತ್ತಣ ಗಲ್ಲಿಗಳಲ್ಲಿ. ಆದ್ದರಿಂದ ಇಲ್ಲಿಯೇ ಅದನ್ನು ಹೇಳುವುದು ಉಚಿತವೆಂದು ಭಾವಿಸಿದ್ದೇನೆ.

ಮೊದಲಿಗೆ ಮಾತಿನ ವಿಚಾರ. 'ಪಾತ್ರೆ ತೊಳೆಯುವುದು' ಎಂಬುದು ಪುಸ್ತಕದ ಮಾತು. ಹಳೆಯ ಮೈಸೂರಿನ ಮನೆಗಳಲ್ಲಿ ಅದು 'ಮುಸುರೆ ತಿಕ್ಕುವುದು'. ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಬಂದ ನಮ್ಮಂಥವರ ಮನೆಗಳಲ್ಲಿ 'ಭಾಂಡಿ ತಿಕ್ಕುವುದು'. ಮುಸುರೆ ಎಂಬ ಒಂದು ಶಬ್ದದಲ್ಲಿ ಅನ್ನದ ಅಂಟು, ಎಂಜಲು, ಮೈಲಿಗೆ ಎಲ್ಲವೂ ಸೇರಿಕೊಂಡಿವೆ. ಅದನ್ನು ಮುಟ್ಟುವ ಕೈ ಯಾರದಾಗಿರಬೇಕು ಎಂಬುದನ್ನು ನಮ್ಮ ಸಮಾಜ ಬಹಳ ಹಿಂದೆಯೇ ತೀರ್ಮಾನಿಸಿಟ್ಟಿತ್ತು. ಮನೆಯ ಸೊಸೆ, ಇಲ್ಲವಾದರೆ ಮನೆಗೆಲಸದಾಕೆ. ಬಚ್ಚಲ ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಬೂದಿ, ಹುಣಸೆಹಣ್ಣು, ತೆಂಗಿನ ನಾರುಗಳಿಂದ ಹಿತ್ತಾಳೆಯ ಕೊಳಗಗಳನ್ನು ಬೆಳಗಿದ ಆ ಕೈಗಳ ಬಗ್ಗೆ ನಮ್ಮ ಸಾಹಿತ್ಯ ಬರೆದದ್ದು ಕಡಿಮೆ. ಆ ದುಡಿಮೆಯನ್ನು ಹಗುರಗೊಳಿಸುವ ಯಂತ್ರವನ್ನು ಸಿರಿವಂತರ ಆಟಿಕೆಯೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ.

ಯಂತ್ರದ ಚರಿತ್ರೆಯೂ ಇದಕ್ಕೆ ಪುಷ್ಟಿ ಕೊಡುತ್ತದೆ. 1850ರಲ್ಲಿಯೇ ಅಮೆರಿಕದಲ್ಲಿ ಜೋಯೆಲ್ ಹೌಟನ್ ಎಂಬಾತ ಮರದ ಯಂತ್ರವೊಂದಕ್ಕೆ ಪೇಟೆಂಟ್ ಪಡೆದಿದ್ದ. ಅದು ಪಾತ್ರೆಗಳ ಮೇಲೆ ನೀರು ಚಿಮುಕಿಸುತ್ತಿತ್ತೇ ಹೊರತು ತೊಳೆಯುತ್ತಿರಲಿಲ್ಲ. ನಿಜವಾಗಿ ಕೆಲಸ ಮಾಡುವ ಯಂತ್ರವನ್ನು ರೂಪಿಸಿದವರು ಒಬ್ಬ ಮಹಿಳೆ. ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಎಂಬ ಊರಿನ ಜೋಸೆಫೀನ್ ಕಾಕ್ರನ್. 1883ರಲ್ಲಿ ಪತಿ ತೀರಿಕೊಂಡು ಸಾಲ ಉಳಿದಾಗ, ಜಾರ್ಜ್ ಬಟರ್ಸ್ ಎಂಬ ಮೆಕ್ಯಾನಿಕ್ಕನ ನೆರವು ಪಡೆದು ಆಕೆ ಯಂತ್ರವನ್ನು ಕಟ್ಟಿದರು. 1886ರ ಡಿಸೆಂಬರ್ 28ರಂದು ಅದಕ್ಕೆ ಪೇಟೆಂಟ್ ದೊರೆಯಿತು. ತಟ್ಟೆಬಟ್ಟಲುಗಳನ್ನು ಅವುಗಳ ಅಳತೆಗೆ ತಕ್ಕ ತಂತಿಯ ಗೂಡುಗಳಲ್ಲಿ ನಿಲ್ಲಿಸಿ ಒತ್ತಡದಿಂದ ನೀರನ್ನು ಎರಚುವುದು ಅದರ ತತ್ತ್ವ. ಇಂದಿನ ಯಂತ್ರಗಳಲ್ಲಿಯೂ ತತ್ತ್ವ ಅದೇ. ಸ್ವಾಮಿ ವಿವೇಕಾನಂದರು ಷಿಕಾಗೋದಲ್ಲಿ ಮಾತನಾಡಿದ 1893ರಲ್ಲಿಯೇ, ಅದೇ ನಗರದ ವಿಶ್ವ ಪ್ರದರ್ಶನದಲ್ಲಿ ಈ ಯಂತ್ರವೂ ಬಹುಮಾನ ಪಡೆಯಿತು. ಕೊಂಡವರು ಹೋಟೆಲುಗಳವರು. ಅಷ್ಟು ಬಿಸಿನೀರು ಒದಗಿಸುವ ವ್ಯವಸ್ಥೆ ಆಗಿನ ಬಹುಪಾಲು ಮನೆಗಳಲ್ಲಿ ಇರಲಿಲ್ಲ. ಸಾಮಾನ್ಯ ಮನೆಗಳಿಗೆ ಯಂತ್ರ ಬಂದದ್ದು ಎರಡನೆಯ ಮಹಾಯುದ್ಧದ ತರುವಾಯ. ನಮ್ಮ ನಗರಗಳ ಅಂಗಡಿಗಳಲ್ಲಿ ಅದು ಕಾಣತೊಡಗಿದ್ದು 1991ರ ಉದಾರೀಕರಣದ ನಂತರ. ಮಧ್ಯಮವರ್ಗ ಅದನ್ನು ಅವಸರದಿಂದ ಹುಡುಕಿದ್ದು 2020ರಲ್ಲಿ, ಲಾಕ್‌ಡೌನಿನಿಂದಾಗಿ ಮನೆಗೆಲಸದವರು ಬರುವುದು ನಿಂತಾಗ.

ನಮ್ಮ ಮನೆಯ ಯಂತ್ರ ಇದಕ್ಕಿಂತ ಮೊದಲೇ ಬಂತು. 1980ರ ದಶಕದಲ್ಲಿ ಯೂರೋಪಿನಲ್ಲಿ ತಯಾರಾದದ್ದು ಅದು. ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದ ಬಂಧುವೊಬ್ಬರು ಊರಿಗೆ ಮರಳುವಾಗ ಸಾಮಾನು ಸರಂಜಾಮಿನೊಡನೆ ತಂದು, ಇರಿಸಲು ಜಾಗವಿಲ್ಲದೆ 1994ರಲ್ಲಿ ನಮಗೆ ಕೊಟ್ಟರು. ನಾನಾಗ ಬಾಲಾನಗರದ ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿದ್ದೆ. ಯಂತ್ರ ಇಂದಿಗೂ ನಡೆಯುತ್ತಿದೆ. ಅದು ನಡೆಯುತ್ತಿರುವುದು ಕೆಡದಿರುವುದರಿಂದಲ್ಲ. ಹಲವು ಬಾರಿ ಕೆಟ್ಟಿದೆ. ಕೆಟ್ಟಾಗಲೆಲ್ಲ ಅದನ್ನು ತೆರೆಯಲು ಸಾಧ್ಯವಾಗಿದೆ. ನನ್ನ ಇಡೀ ಮಾತು ಈ ಒಂದು ಸಂಗತಿಯ ಮೇಲೆ ನಿಂತಿದೆ.

ಅದರ ಒಳಗನ್ನು ಸ್ವಲ್ಪ ವಿವರಿಸುತ್ತೇನೆ. ಕೆಳಗಿನ ತಗಡನ್ನು ಕಳಚಿದರೆ, ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ವೈರಿಂಗ್ ನಕ್ಷೆ ಸಿಗುತ್ತದೆ. ಯಂತ್ರ ಒಂದು ದಿನ ಕೆಡುತ್ತದೆ, ಯಾರೋ ಒಬ್ಬ ಅಪರಿಚಿತ ಅದನ್ನು ಬಿಚ್ಚುತ್ತಾನೆ, ಅವನಿಗೆ ಈ ಕಾಗದ ಬೇಕಾಗುತ್ತದೆ ಎಂದು ತಯಾರಿಸಿದವರು ಯೋಚಿಸಿದ್ದರು. ತಳದಲ್ಲಿ ನೀರನ್ನು ಎತ್ತಿ ಎರಚುವ ಪಂಪು, ಕೊಳೆನೀರನ್ನು ಹೊರಹಾಕುವ ಇನ್ನೊಂದು ಪಂಪು, ನೀರನ್ನು ಕಾಯಿಸುವ ಹೀಟರು. ಮೇಲೊಂದು ಕೆಳಗೊಂದು ತೂತುಗಳುಳ್ಳ ತೋಳುಗಳಿವೆ. ಓರೆಯಾಗಿ ಚಿಮ್ಮುವ ನೀರಿನ ಪ್ರತಿಬಲದಿಂದಲೇ ಅವು ತಿರುಗುತ್ತವೆ, ಅವಕ್ಕೆ ಬೇರೆ ಮೋಟಾರಿಲ್ಲ. ನೀರು ಸಾಕೆಂದು ತಿಳಿಸಲು ಒಂದು ತೇಲುಗುಂಡು. ಕಾದದ್ದು ಸಾಕೆಂದು ತಿಳಿಸಲು, ಬಿಸಿಗೆ ಬಾಗುವ ಎರಡು ಲೋಹಗಳ ಒಂದು ಬಿಲ್ಲೆ.

ಇವೆಲ್ಲವನ್ನೂ ನಡೆಸುವುದು ಬಾಗಿಲಿನೊಳಗಿನ ಟೈಮರ್. ಗಡಿಯಾರದ ಯಂತ್ರದಷ್ಟು ಚಿಕ್ಕ ಮೋಟಾರೊಂದು ಹಲ್ಲುಚಕ್ರಗಳ ಮೂಲಕ ಒಂದು ಉರುಳೆಯನ್ನು ಅತಿ ನಿಧಾನವಾಗಿ ತಿರುಗಿಸುತ್ತದೆ. ಉರುಳೆಯ ಮೈಮೇಲೆ ಸಾಲುಸಾಲಾಗಿ ಏರುತಗ್ಗುಗಳಿವೆ. ಏರು ಬಂದಾಗ ಅದರ ಎದುರಿನ ತಾಮ್ರದ ಎಲೆ ಮೇಲೆದ್ದು ಸಂಪರ್ಕ ಕೂಡಿಸುತ್ತದೆ. ತಗ್ಗು ಬಂದಾಗ ಬಿಡಿಸುತ್ತದೆ. ಒಂದು ಸಾಲು ನೀರಿನ ಕವಾಟಕ್ಕೆ, ಒಂದು ಹೀಟರಿಗೆ, ಒಂದು ಪಂಪಿಗೆ. ಉರುಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಮುಂದಿನ ಒಂದು ಗಂಟೆಯಲ್ಲಿ ಯಂತ್ರ ಏನೇನು ಮಾಡಲಿದೆ ಎಂಬುದನ್ನು ಬೆರಳತುದಿಯಲ್ಲಿ ಓದಬಹುದು. ಎಂಜಿನಿಯರಿಂಗ್ ಓದದ ನನ್ನ ಪತ್ನಿ ಅದನ್ನು ಒಮ್ಮೆ ನೋಡಿ ಅರ್ಥಮಾಡಿಕೊಂಡರು. ಆಮೇಲೆ ಯಾವ ಹಂತದಲ್ಲಿ ಏನು ತಪ್ಪಿದೆ ಎಂಬುದನ್ನು ಶಬ್ದದಿಂದಲೇ ಅವರು ನನಗಿಂತ ಮೊದಲು ಹೇಳುತ್ತಿದ್ದರು.

ಇನ್ನು ದುರಸ್ತಿಯ ಕಥೆ. ಅದಕ್ಕೆ ಮುನ್ನ ಈ ಪೇಟೆಯ ಕುರಿತು ಎರಡು ಮಾತು. ಇದು ಮೊದಲು ಬ್ರಿಟಿಷ್ ರೆಸಿಡೆನ್ಸಿಯ ಅಧೀನದಲ್ಲಿದ್ದ ರೆಸಿಡೆನ್ಸಿ ಬಜಾರ್. 1933ರಲ್ಲಿ ನಿಜಾಮರಿಗೆ ಮರಳಿ ಬಂದ ಮೇಲೆ ಸುಲ್ತಾನ್ ಬಜಾರ್ ಆಯಿತು. ಕೃಷ್ಣದೇವರಾಯನ ಹೆಸರು ಹೊತ್ತ ಆಂಧ್ರ ಭಾಷಾ ನಿಲಯ 1901ರಲ್ಲಿ ಸ್ಥಾಪನೆಯಾದದ್ದು ಈ ನೆರೆಯಲ್ಲಿಯೇ. ತೆಲುಗು, ಉರ್ದು, ಮರಾಠಿ, ಗುಜರಾತಿ, ಮಾರವಾಡಿ, ಕನ್ನಡಗಳೆಲ್ಲ ಇಲ್ಲಿ ಒಂದೇ ತಕ್ಕಡಿಯ ಮುಂದೆ ನಿಂತು ಚೌಕಾಸಿ ಮಾಡಿವೆ. ಬಟ್ಟೆಗೆ, ಬಳೆಗೆ, ಪುಸ್ತಕಕ್ಕೆ ಜನ ಇಲ್ಲಿಗೆ ಬರುತ್ತಾರೆ. ಕೋಠಿಯ ಗುಜರಾತಿ ಗಲ್ಲಿಗೆ ಹೋದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳು, ಟ್ರೂಪ್ ಬಜಾರಿಗೆ ಹೋದರೆ ವಿದ್ಯುತ್ ಮತ್ತು ಹಾರ್ಡ್‌ವೇರ್ ಸಾಮಾನು, ಅತ್ತ ಬೇಗಂ ಬಜಾರಿನಲ್ಲಿ ತಾಮ್ರ ಹಿತ್ತಾಳೆಗಳ ಪಾತ್ರೆ. ಪಾತ್ರೆಯೂ ಅದನ್ನು ತೊಳೆಯುವ ಯಂತ್ರದ ಅಂಗಾಂಗಗಳೂ ನಡೆದುಹೋಗುವಷ್ಟು ದೂರದಲ್ಲಿ ಸಿಗುವ ಪ್ರದೇಶವಿದು.

1997ರಲ್ಲಿ ನಮ್ಮ ಯಂತ್ರದ ಪಂಪು ಗುಂಯ್‌ಗುಟ್ಟುತ್ತ ತಿರುಗದೆ ನಿಂತಿತು. ಮೋಟಾರಿನ ಕೆಪ್ಯಾಸಿಟರ್ ಸತ್ತಿತ್ತು. ಗುಜರಾತಿ ಗಲ್ಲಿಯ ಅಂಗಡಿಯವರು ಯಂತ್ರದ ಹೆಸರನ್ನೇ ಕೇಳಲಿಲ್ಲ. ಎಷ್ಟು ಮೈಕ್ರೋಫ್ಯಾರಡ್, ಎಷ್ಟು ವೋಲ್ಟ್ ಎಂದಷ್ಟೇ ಕೇಳಿ, ಫ್ಯಾನಿನ ಕೆಪ್ಯಾಸಿಟರುಗಳ ಪಕ್ಕದ ಡಬ್ಬಿಯಿಂದ ಒಂದನ್ನು ತೆಗೆದುಕೊಟ್ಟರು. 2003ರಲ್ಲಿ ಹೀಟರು ಒಡೆಯಿತು. ಆ ಕಂಪನಿಯ ಹೀಟರು ಈ ದೇಶದಲ್ಲಿ ಸಿಗುತ್ತಿರಲಿಲ್ಲ. ಟ್ರೂಪ್ ಬಜಾರಿನ ಅಂಗಡಿಯೊಂದರಲ್ಲಿ ಹಳೆಯದನ್ನು ಮಾದರಿಯಾಗಿ ಕೊಟ್ಟೆ. ಅದೇ ಉದ್ದ, ಅದೇ ಬಾಗು, ಅದೇ ವ್ಯಾಟ್‌ನ ಹೀಟರನ್ನು ವಾರದೊಳಗೆ ಮಾಡಿಸಿಕೊಟ್ಟರು. ಪಂಪಿನ ಅಕ್ಷದಿಂದ ನೀರು ಸೋರತೊಡಗಿದಾಗ, ರಾಣಿಗಂಜಿನಲ್ಲಿ ಬಾವಿಪಂಪಿಗೆ ಹಾಕುವ ಸೀಲುಗಳ ನಡುವೆ ಅಳತೆಗೆ ಹೊಂದುವುದೊಂದು ಸಿಕ್ಕಿತು. ಟೈಮರಿನ ತಾಮ್ರದ ಎಲೆಗಳು ಕಪ್ಪಾಗಿ ಸಂಪರ್ಕ ತಪ್ಪಿದಾಗ ನಯವಾದ ಪಾಲಿಶ್ ಕಾಗದ ಸಾಕಾಯಿತು. ಹೊರನೀರಿನ ಪಂಪು ಸಿಕ್ಕಿಕೊಂಡಾಗ ಒಳಗಿದ್ದದ್ದು ಒಡೆದ ಲೋಟದ ಒಂದು ಚೂರು.

ಈ ಪಟ್ಟಿಯನ್ನು ಕೌಶಲದ ಜಂಬಕ್ಕಾಗಿ ಹೇಳುತ್ತಿಲ್ಲ. ಪ್ರತಿ ಬಾರಿಯೂ ಕೆಟ್ಟದ್ದು ಒಂದು ಭಾಗ, ಬದಲಾದದ್ದು ಒಂದು ಭಾಗ, ಹಣ ಹೋದದ್ದು ಈ ಪೇಟೆಯ ಒಬ್ಬ ಕಸುಬುದಾರನ ಕೈಗೆ ಎಂಬುದನ್ನು ತಾವು ಗಮನಿಸಬೇಕು. ಆ ಯಂತ್ರದ ಭಾಗಗಳು ಲೋಕಕ್ಕೆಲ್ಲ ಸಾಮಾನ್ಯವಾದ ಭಾಗಗಳಾಗಿದ್ದವು.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ಹೇಳಲು ನಾನು ಬಂದಿಲ್ಲ. ಲೆಕ್ಕ ಸರಿಯಾಗಿರಲಿ. ನಮ್ಮ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಅಳೆದಿದ್ದೇನೆ. ಒಂದು ಆವೃತ್ತಿಗೆ 38 ಲೀಟರ್. ಇಂದಿನ ಒಳ್ಳೆಯ ಯಂತ್ರ ಅಷ್ಟೇ ಪಾತ್ರೆಗಳನ್ನು ಸುಮಾರು 10 ಲೀಟರಿನಲ್ಲಿ ತೊಳೆಯುತ್ತದೆ. ನೀರು ಉಳಿದರೆ ವಿದ್ಯುತ್ತೂ ಉಳಿಯುತ್ತದೆ: 10 ಲೀಟರ್ ನೀರನ್ನು 25 ಡಿಗ್ರಿಯಿಂದ 65 ಡಿಗ್ರಿಗೆ ಏರಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ಹೊಸ ಯಂತ್ರದಲ್ಲಿ ನೀರು ಎಷ್ಟು ಕದಡಿದೆ ಎಂಬುದನ್ನು ಬೆಳಕಿನಿಂದ ಅಳೆಯುವ ಸಂವೇದಕವಿದೆ. ಕೊಳೆ ಕಡಿಮೆಯಾದರೆ ಅದೇ ನೀರನ್ನು ಮುಂದಿನ ಹಂತಕ್ಕೂ ಬಳಸುತ್ತದೆ. ಶಬ್ದವೂ ಕಡಿಮೆ. ಈ ನಗರ ಕುಡಿಯುವ ನೀರಿನಲ್ಲಿ ನಮ್ಮ ನಾಡನ್ನು ಹಾದುಬರುವ ಕೃಷ್ಣೆಯ ಪಾಲಿದೆ, ಬೀದರ ಜಿಲ್ಲೆಯನ್ನು ಹಾದುಬರುವ ಮಾಂಜರಾ ನದಿಯ ಪಾಲಿದೆ. ಅದರಲ್ಲಿ ಒಂದೊಂದು ಬಕೆಟ್ ಉಳಿಸುವ ಯಂತ್ರವನ್ನು ಹಳಿಯುವುದು ಸರಿಯಲ್ಲ.

ಹಳೆಯ ಯಂತ್ರಗಳಲ್ಲಿ ಪಾತ್ರೆ ಹೆಚ್ಚು ಹೊಳೆಯುತ್ತಿತ್ತು ಎಂಬ ಮಾತು ವಿದೇಶಗಳಲ್ಲಿ ಬಹಳವಾಗಿ ಕೇಳಿಬರುತ್ತದೆ. ಆ ಕೀರ್ತಿಯಲ್ಲಿ ಒಂದು ಪಾಲು ಸೋಪಿನ ಪುಡಿಗೆ ಸಲ್ಲಬೇಕು. ಅಂದಿನ ಪುಡಿಗಳಲ್ಲಿ ಫಾಸ್ಫೇಟ್ ಧಾರಾಳವಾಗಿತ್ತು. ಅದು ಗಡಸು ನೀರನ್ನು ಮೆದುಗೊಳಿಸಿ ಕೊಳೆಯನ್ನು ಎತ್ತಿಹಿಡಿಯುತ್ತಿತ್ತು. ಅದೇ ಫಾಸ್ಫೇಟ್ ಕೆರೆನದಿಗಳನ್ನು ಸೇರಿ ಪಾಚಿಯನ್ನು ಬೆಳೆಸಿ ಮೀನುಗಳನ್ನು ಉಸಿರುಗಟ್ಟಿಸುತ್ತಿದ್ದುದರಿಂದ ಯೂರೋಪಿನ ಒಕ್ಕೂಟ 2017ರಿಂದ ಅದಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿತು. ಈಗಿನ ಪುಡಿಗಳಲ್ಲಿರುವ ಕಿಣ್ವಗಳು ಅನ್ನದ ಗಂಜಿಯನ್ನೂ ಬೇಳೆಯ ಅಂಟನ್ನೂ ಕರಗಿಸುತ್ತವೆ, ಆದರೆ ಅವಕ್ಕೆ ಹದವಾದ ಬಿಸಿ ಬೇಕು, ಸಮಯ ಬೇಕು. ಹಳೆಯ ಯಂತ್ರ ಒಂದು ಗಂಟೆಯಲ್ಲಿ ಮುಗಿಸುತ್ತಿದ್ದುದಕ್ಕೆ ಹೊಸದು ಎರಡು ಮೂರು ಗಂಟೆ ತೆಗೆದುಕೊಳ್ಳುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಅದು ಸೋಮಾರಿತನವಲ್ಲ.

ಹಾಗಾದರೆ ತಕರಾರು ಎಲ್ಲಿದೆ? ಮಗನ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ಕೊಂಡಾಪುರದ ಅವನ ಮನೆಗೆ 2018ರಲ್ಲಿ ಹೊಸ ಯಂತ್ರ ಬಂತು. ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ನಂತರ ಒಂದು ದಿನ ನೀರು ಕಾಯುವುದನ್ನು ನಿಲ್ಲಿಸಿ, ಪರದೆಯ ಮೇಲೆ ಎರಡಕ್ಷರದ ಸಂಕೇತವೊಂದನ್ನು ತೋರಿಸಿ ಸುಮ್ಮನಾಯಿತು. ತಯಾರಕರ ಕಡೆಯಿಂದ ಬಂದ ತಂತ್ರಜ್ಞ ನಿಯಂತ್ರಣ ಫಲಕವನ್ನೇ ಬದಲಿಸಬೇಕೆಂದರು. ಅವರು ಹೇಳಿದ ಬೆಲೆ ಹೊಸ ಯಂತ್ರದ ಬೆಲೆಯ ಅರ್ಧಕ್ಕೆ ಸಮೀಪವಿತ್ತು. ಮೇಲಾಗಿ ಆ ಮಾದರಿಯ ಫಲಕ ಯಾವಾಗ ಬರುವುದೆಂದು ಹೇಳಲಾಗದು, ಬಂದರೂ ಕಂಪನಿಯ ಲ್ಯಾಪ್‌ಟಾಪಿನಿಂದ ಅದಕ್ಕೆ ತಂತ್ರಾಂಶ ತುಂಬಿದ ಹೊರತು ನಡೆಯದು ಎಂಬ ಉತ್ತರ ದೊರೆಯಿತು.

ನಾನು ಫಲಕವನ್ನು ಬಿಚ್ಚಿಕೊಂಡು ಗುಜರಾತಿ ಗಲ್ಲಿಗೆ ಬಂದೆ. ಅಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ಒಬ್ಬ ಕಾರೀಗರರಿದ್ದಾರೆ. ಗಿರಾಕಿ ತೆಲುಗಿನವನಾದರೆ ತೆಲುಗು, ಇಲ್ಲವಾದರೆ ದಖನಿ. ಹುಟ್ಟೂರು ಹುಮನಾಬಾದಾದ್ದರಿಂದ ನನ್ನೊಡನೆ ಕನ್ನಡ. ಹೊರಗಿನ ತುದಿಗಳಿಗೆ ಮೀಟರ್ ಹಿಡಿದು ಹತ್ತು ನಿಮಿಷ ಪರೀಕ್ಷಿಸಿದರು. ಬಳಿಕ ಫಲಕವನ್ನು ನನ್ನ ಕೈಗೆ ಕೊಟ್ಟು, "ಕೆಟ್ಟಿದ್ದು ಒಂದು ರಿಲೇ ರೀ ಸರ, ಅರವತ್ತು ರೂಪಾಯಿದ್ದು. ಆದ್ರ ಕೈ ಹಾಕ್ಲಿಕ್ಕಿ ಜಾಗಾನೇ ಬಿಟ್ಟಿಲ್ಲ ನೋಡ್ರಿ" ಎಂದರು. ಫಲಕದ ಮೇಲೆಲ್ಲ ಗಟ್ಟಿಯಾದ ಕಪ್ಪು ರಾಳವನ್ನು ಹೊಯ್ದು ಹೆಪ್ಪುಗಟ್ಟಿಸಲಾಗಿತ್ತು. ಅದನ್ನು ಕೆತ್ತಹೋದರೆ ಕೆಳಗಿನ ತಾಮ್ರದ ಎಳೆಗಳೇ ಕಿತ್ತುಬರುತ್ತಿದ್ದವು. ಉಕ್ಕಿನ ತೊಟ್ಟಿ, ಎರಡು ಪಂಪು, ಹೀಟರು, ಗೂಡುಗಳು ಎಲ್ಲವೂ ಸರಿಯಾಗಿದ್ದ ಆ ಯಂತ್ರ ಗುಜರಿಗೆ ಹೋಯಿತು.

ರಾಳ ಹೊಯ್ಯುವುದಕ್ಕೆ ತಯಾರಕರಲ್ಲಿ ಕಾರಣವಿಲ್ಲದೆ ಇಲ್ಲ. ಹಬೆ, ತೇವ, ಜಿರಳೆಗಳಿಂದ ಅದು ಫಲಕವನ್ನು ಕಾಪಾಡುತ್ತದೆ. ಆಘಾತದ ಭಯವನ್ನೂ ತಗ್ಗಿಸುತ್ತದೆ. ಆದರೆ ರಬ್ಬರಿನ ಅಂಚುಳ್ಳ, ತಿರುಪು ಬಿಚ್ಚಿದರೆ ತೆರೆಯುವ ಪೆಟ್ಟಿಗೆಯೊಂದು ಇದೇ ಕೆಲಸವನ್ನು ಮಾಡಬಲ್ಲದು. ಬೇಗ ಸವೆಯುವ ರಿಲೇಗಳನ್ನು ಮಾತ್ರ ರಾಳದಿಂದ ಹೊರಗಿಡಬಹುದು. ತಂತ್ರಾಂಶಕ್ಕೆ ಬೀಗ ಹಾಕುವುದಕ್ಕಂತೂ ಹಬೆಯ ನೆಪವೂ ಇಲ್ಲ. ನೀರನ್ನು ಉಳಿಸುವ ಜಾಣತನಕ್ಕೂ ಮುಚ್ಚಿದ ಪೆಟ್ಟಿಗೆಗೂ ಅನಿವಾರ್ಯ ಸಂಬಂಧವಿಲ್ಲ. ಇವೆರಡನ್ನೂ ಒಟ್ಟಿಗೆ ಕಟ್ಟಿ, 'ಬೇಕಾದರೆ ಎರಡನ್ನೂ ತೆಗೆದುಕೊಳ್ಳಿ' ಎಂದು ನಮ್ಮ ಮುಂದಿಟ್ಟಿರುವುದು ಮಾರುಕಟ್ಟೆ. ಹೊಸ ಯಂತ್ರದ ಮಿತವ್ಯಯವೂ ಹಳೆಯ ಯಂತ್ರದ ಮುಕ್ತತೆಯೂ ಒಂದರಲ್ಲೇ ಇರಲಿ ಎಂದು ಕೇಳುವುದು ಅಸಾಧ್ಯವನ್ನು ಕೇಳಿದಂತಲ್ಲ.

ಇಲ್ಲಿ ಕಳೆದುಹೋಗುತ್ತಿರುವುದು ಹಣವಷ್ಟೇ ಆಗಿದ್ದರೆ ನಾನು ಇಷ್ಟು ಮಾತನಾಡುತ್ತಿರಲಿಲ್ಲ. ದುರಸ್ತಿ ಒಂದು ಜ್ಞಾನಪರಂಪರೆ. ದಖ್ಖನಿನಲ್ಲಿ ಅದರ ಬೇರು ಎಷ್ಟು ಆಳವಾಗಿದೆ ಎಂಬುದಕ್ಕೆ ನಮ್ಮ ನುಡಿಯೇ ಸಾಕ್ಷಿ. ದುರಸ್ತಿ, ಮರಾಮತ್ತು, ಕಲಾಯಿ, ಪೇಚು, ಕಾರೀಗರ, ಕಾರ್ಖಾನೆ — ಈ ಶಬ್ದಗಳೆಲ್ಲ ಪಾರಸಿ, ಅರಬ್ಬಿ ಮೂಲದವು. ದಖ್ಖನಿನ ರಾಜ್ಯಗಳ ಕಾಲದಲ್ಲಿ ಕಸುಬುದಾರರ ಬಾಯಿಂದ ಕನ್ನಡಕ್ಕೆ ಬಂದು, ಇಂದು ಕನ್ನಡವೇ ಆಗಿಹೋಗಿವೆ. ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಇದೇ ಹೈದರಾಬಾದ್ ರಾಜ್ಯದಲ್ಲಿದ್ದುದನ್ನು ತಾವೆಲ್ಲ ಬಲ್ಲಿರಿ. ರಾಜ್ಯಗಳ ಗಡಿ ಬದಲಾಯಿತು. ಮಾತಿನೊಡನೆ ಬಂದ ಕಸುಬು ಇಲ್ಲಿಯೂ ಅಲ್ಲಿಯೂ ಮುಂದುವರಿಯಿತು.

ಕಲಾಯಿಯನ್ನೇ ನೋಡಿ. ಹಿತ್ತಾಳೆಯ ಪಾತ್ರೆಯ ಒಳಮೈಯ ತವರ ಸವೆದರೆ ಹುಳಿ ಪದಾರ್ಥ ಕಿಲುಬು ಹತ್ತುತ್ತದೆ. ಕಲಾಯಿಯವನು ಬೀದಿಯಲ್ಲಿಯೇ ತಿದಿ ಹೂಡಿ, ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ತಾಗಿಸಿ ಅರಳೆಯಿಂದ ಉಜ್ಜಿದರೆ ಕ್ಷಣದಲ್ಲಿ ಬೆಳ್ಳಿಯಂತಹ ಮೈ ಬರುತ್ತಿತ್ತು. ಸವೆಯುವುದು ಪಾತ್ರೆಯ ಧರ್ಮ, ಸವೆದಾಗ ತುಂಬುವುದು ಮನುಷ್ಯನ ಧರ್ಮ ಎಂಬ ತಿಳಿವಳಿಕೆಯ ಮೇಲೆ ಆ ಅಡುಗೆಮನೆ ನಡೆಯುತ್ತಿತ್ತು. ಸ್ಟೀಲ್ ಪಾತ್ರೆ ಬಂದ ಮೇಲೆ ಕಲಾಯಿಯವನು ಅಪರೂಪವಾದ. ಅದಕ್ಕೆ ಯಾರನ್ನೂ ದೂರುವಂತಿಲ್ಲ, ಆ ಕೆಲಸವೇ ಬೇಡವಾಯಿತು. ಗುಜರಾತಿ ಗಲ್ಲಿಯ ಕಾರೀಗರರ ಸ್ಥಿತಿ ಬೇರೆ. ಅವರ ಕೆಲಸ ಇಂದಿಗೂ ಬೇಕು, ಮಾಡಲು ಅವರಿಗೆ ಬರುತ್ತದೆ, ಮಾಡಿಸಲು ನಮಗೆ ಮನಸ್ಸಿದೆ. ನಡುವೆ ನಿಂತಿರುವುದು ರಾಳ ಮತ್ತು ಬೀಗ. 2020ರ ಫೆಬ್ರುವರಿ 7ರಂದು ತೆರೆದ ಮೆಟ್ರೊ ಮಾರ್ಗದ ವಿರುದ್ಧ ಸುಲ್ತಾನ್ ಬಜಾರಿನ ವ್ಯಾಪಾರಿಗಳು ವರ್ಷಗಟ್ಟಲೆ ಹೋರಾಡಿದರು; ಅವರಿಗೆ ತಮ್ಮ ಎದುರಾಳಿ ಕಣ್ಣಿಗೆ ಕಾಣುತ್ತಿತ್ತು. ದೂರದ ವಿನ್ಯಾಸಶಾಲೆಯಲ್ಲಿ ತೀರ್ಮಾನವಾಗುವ ಒಂದು ಹನಿ ರಾಳದ ವಿರುದ್ಧ ಗಲ್ಲಿಯ ಕಾರೀಗರ ಯಾವ ಕಛೇರಿಯ ಮುಂದೆ ಧರಣಿ ಕೂರಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನಗಳು ಲೋಕದಲ್ಲಿ ನಡೆದಿವೆ. ಯೂರೋಪಿನ ಒಕ್ಕೂಟದ ನಿಯಮವೊಂದು 2021ರ ಮಾರ್ಚ್ 1ರಿಂದ ಪಾತ್ರೆ ತೊಳೆಯುವ ಯಂತ್ರಗಳಿಗೆ ಅನ್ವಯವಾಗಿದೆ. ಒಂದು ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೂ ಮೋಟಾರು, ಪಂಪು, ಹೀಟರು, ನಿಯಂತ್ರಣ ಫಲಕಗಳಂಥ ಭಾಗಗಳನ್ನು 7 ವರ್ಷ ದುರಸ್ತಿಗಾರರಿಗೆ ಒದಗಿಸಬೇಕು. ಬಾಗಿಲ ಸೀಲು, ನೀರೆರಚುವ ತೋಳು, ಗೂಡುಗಳಂಥವನ್ನು 10 ವರ್ಷ ಬಳಕೆದಾರರಿಗೂ ಕೊಡಬೇಕು. ಫ್ರಾನ್ಸ್ ದೇಶ 2021ರಲ್ಲಿ ವಸ್ತುಗಳ ಮೇಲೆ ಹತ್ತಕ್ಕೆ ಇಂತಿಷ್ಟು ಎಂದು 'ದುರಸ್ತಿ ಅಂಕ' ನಮೂದಿಸುವುದನ್ನು ಕಡ್ಡಾಯ ಮಾಡಿ, 2022ರಲ್ಲಿ ಅದನ್ನು ಪಾತ್ರೆ ತೊಳೆಯುವ ಯಂತ್ರಗಳಿಗೂ ವಿಸ್ತರಿಸಿತು. ಮಾಹಿತಿ ಸಿಗುತ್ತದೆಯೇ, ಬಿಚ್ಚುವುದು ಸುಲಭವೇ, ಭಾಗಗಳು ದೊರೆಯುತ್ತವೆಯೇ, ಅವುಗಳ ಬೆಲೆ ನ್ಯಾಯವಾಗಿದೆಯೇ ಎಂಬುವು ಅದರ ಅಳತೆಗೋಲುಗಳು. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈಯಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಗೃಹಬಳಕೆಯ ಯಂತ್ರಗಳನ್ನು ಅದರ ವ್ಯಾಪ್ತಿಗೆ ಸೇರಿಸಿತು. ಅದೇ ವರ್ಷ ಡಿಸೆಂಬರ್ 24ರಂದು ಜಾಲತಾಣವೊಂದನ್ನು ತೆರೆಯಿತು. ಒಳ್ಳೆಯ ಆರಂಭ. ಆದರೆ ಜಾಲತಾಣ ಮಾಹಿತಿಯನ್ನು ಕೊಡಬಲ್ಲದು. ಬಿಡಿಭಾಗ ಕೊಡಲೇಬೇಕೆಂಬ ಕಡ್ಡಾಯವನ್ನು ಹುಟ್ಟಿಸಬೇಕಾದದ್ದು ಕಾನೂನು.

ಸಂಘದ ಸದಸ್ಯರಾಗಿ ನಾವು ಮಾಡಬಹುದಾದ ಕೆಲಸಗಳನ್ನು ಸೂಚಿಸಿ ಮುಗಿಸುತ್ತೇನೆ. ಕೊಳ್ಳುವ ಮುನ್ನ ಬಣ್ಣ, ಬಾಗಿಲು, ಕಂತುಗಳ ಜೊತೆಗೆ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಕೇಳೋಣ: ಬಿಡಿಭಾಗ ಎಷ್ಟು ವರ್ಷ ದೊರೆಯುತ್ತದೆ? ನಿಯಂತ್ರಣ ಫಲಕದ ಬೆಲೆ ಎಷ್ಟು? ಹೊರಗಿನ ಕಾರೀಗರ ಅದನ್ನು ಹಾಕಬಹುದೆ? ಒಬ್ಬರು ಕೇಳಿದರೆ ಮಾರಾಟಗಾರ ನಗುತ್ತಾನೆ, ನೂರು ಜನ ಕೇಳಿದರೆ ಮೇಲಿನವರಿಗೆ ಬರೆಯುತ್ತಾನೆ. ಇರುವ ಯಂತ್ರವನ್ನು ಕಾಪಾಡಿಕೊಳ್ಳೋಣ. ಇಲ್ಲಿಯ ಕೊಳವೆಬಾವಿಯ ನೀರು ಬಹಳ ಕಡೆ ಗಡಸು. ಹೀಟರಿನ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ. ಯಂತ್ರಕ್ಕೆಂದೇ ಮಾರುವ ಉಪ್ಪನ್ನು ಮುಗಿಯಗೊಡದೆ ತುಂಬುವುದು, ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯುವುದು, ಆಗಾಗ ನಿಂಬೆಉಪ್ಪು ಹಾಕಿ ಖಾಲಿ ಯಂತ್ರವನ್ನು ಬಿಸಿನೀರಿನಲ್ಲಿ ಓಡಿಸುವುದು, ಇಷ್ಟರಿಂದಲೇ ಅದರ ಆಯುಷ್ಯ ವರ್ಷಗಟ್ಟಲೆ ಬೆಳೆಯುತ್ತದೆ. ದೋಸೆಯ ಕಾವಲಿ, ಕಲಾಯಿ ಪಾತ್ರೆ, ಅಲ್ಯುಮಿನಿಯಂ ಬೋಗುಣಿಗಳನ್ನು ಮಾತ್ರ ಯಂತ್ರಕ್ಕೆ ಹಾಕಬೇಡಿ. ತುಕ್ಕು ಹಿಡಿಯುತ್ತವೆ, ಮಂಕಾಗುತ್ತವೆ, ಕಪ್ಪಾಗುತ್ತವೆ.

ಇನ್ನೊಂದು ಸಲಹೆ ಸಂಘಕ್ಕೆ. ಮೂರು ತಿಂಗಳಿಗೊಮ್ಮೆ ನಮ್ಮ ಪತ್ರಿಕೆ ಹೊರಬರುವಂತೆ, ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ 'ದುರಸ್ತಿ ದಿನ' ನಡೆಯಲಿ. ಗಲ್ಲಿಯ ಕಾರೀಗರರನ್ನು ಗೌರವಧನ ಕೊಟ್ಟು ಕರೆಸೋಣ, ವೇದಿಕೆಯ ಮೇಲೆ ಕುರ್ಚಿ ಹಾಕೋಣ. ಮಿಕ್ಸರು, ಗ್ರೈಂಡರು, ಇಸ್ತ್ರಿಪೆಟ್ಟಿಗೆಗಳನ್ನು ಮಕ್ಕಳ ಎದುರಿನಲ್ಲಿ ಬಿಚ್ಚಲಿ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಕನ್ನಡ ಪದ್ಯ ಕಲಿಸುತ್ತೇವೆ, ಒಳ್ಳೆಯದೇ. ಅದರ ಜೊತೆಗೆ ತಿರುಪು, ಬಿಲ್ಲೆ, ಕವಾಟ, ಹಲ್ಲುಚಕ್ರಗಳನ್ನು ಕೈಯಲ್ಲಿ ಹಿಡಿದು ಅವುಗಳ ಹೆಸರನ್ನು ಕನ್ನಡದಲ್ಲಿ ಹೇಳುವ ಒಂದು ಮಧ್ಯಾಹ್ನವೂ ಅವರಿಗೆ ಸಿಗಲಿ. ಆ ದಿನ ಗಂಡುಮಕ್ಕಳೇ ಊಟದ ಪಾತ್ರೆಗಳನ್ನು ತೊಳೆಯಲಿ ಎಂಬುದನ್ನೂ ಸೇರಿಸುತ್ತೇನೆ. ಮುಸುರೆಯ ಭಾರವನ್ನು ಹಂಚಿಕೊಳ್ಳದ ಮನೆಯಲ್ಲಿ ಎಂತಹ ಯಂತ್ರ ಬಂದರೂ, ಅದಕ್ಕೆ ಪಾತ್ರೆ ತುಂಬುವ ಮತ್ತು ತೆಗೆದಿಡುವ ಕೆಲಸ ಹಳೆಯ ಕೈಗಳಿಗೇ ಬೀಳುತ್ತದೆ.

ಯಂತ್ರವನ್ನು ಮಾಡಿದವನು ಅದನ್ನು ಕೊಂಡವನಿಗೆ ಬಿಚ್ಚುವ ದಾರಿಯನ್ನೂ ಬಿಟ್ಟಿರಬೇಕೆಂಬುದು ನನ್ನ ಬೇಡಿಕೆ. ದುರಸ್ತಿ ದಿನದ ಸೂಚನೆಯನ್ನು ಕಾರ್ಯಕಾರಿ ಸಮಿತಿ ಮುಂದಿನ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.